ಕಸೂತಿಯ ಲೆಕ್ಕ ಮತ್ತು ಬತ್ತಿದ ಆಸಕ್ತಿ

ನಲವತ್ತು ದಾಟಿದ ಗೆಳತಿಯರು ಒಂದೆಡೆ ಸೇರಿದಾಗ ಒಂದು ಮಾತು ತಪ್ಪದೆ ಬರುತ್ತದೆ: ಮೊದಲಿನ ಹುರುಪು ಈಗ ಉಳಿದಿಲ್ಲ. ಒಬ್ಬಳ ಹಾರ್ಮೋನಿಯಂ ಅಟ್ಟ ಸೇರಿದೆ, ಕಾಲೇಜಿನ ದಿನಗಳಲ್ಲಿ ಕವಿತೆ ಬರೆಯುತ್ತಿದ್ದ ಇನ್ನೊಬ್ಬಳು ಈಗ ಬರೆಯುವುದು ಸಾಮಾನಿನ ಚೀಟಿಯನ್ನು ಮಾತ್ರ. ಎಲ್ಲರೂ ಹೇಳುವ ಕಾರಣ ಒಂದೇ, ಪುರುಸೊತ್ತಿಲ್ಲ ಎನ್ನುವುದು. ಅದು ಸುಳ್ಳಲ್ಲ, ನೌಕರಿ, ಅಡುಗೆ, ಮಕ್ಕಳ ಓದು, ಹಿರಿಯರ ಔಷಧಿ, ಇವುಗಳ ನಡುವೆ ಹೆಣ್ಣುಮಕ್ಕಳಿಗೆ ತಮ್ಮದೆನ್ನುವ ಒಂದು ತಾಸು ಸಿಗುವುದು ಬಹಳ ಕಷ್ಟ. ಆದರೆ ಬೇಸಿಗೆ ರಜೆಯಲ್ಲಿ ಪುರುಸೊತ್ತು ಸಿಕ್ಕಾಗಲೂ ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯದೇ ಇರುವುದನ್ನು ಕಂಡ ಮೇಲೆ, ಕಾರಣ ಬೇರೆಲ್ಲೋ ಇರಬೇಕು ಎಂದು ನನಗೆ ಅನ್ನಿಸತೊಡಗಿತು. ಒಂದು ಕೆಲಸದಲ್ಲಿ ನಾವು ತಿಳಿಯಬೇಕಾದದ್ದು ಇನ್ನೇನೂ ಉಳಿದಿಲ್ಲ ಎಂಬ ಭಾವನೆ ಬಂದಾಗ ಆಸಕ್ತಿ ಬತ್ತುತ್ತದೆ, ಅದೇ ಕೆಲಸದೊಳಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಮತ್ತೆ ಎದುರಾದಾಗ ಅದು ಮರಳುತ್ತದೆ ಎಂದು ನಾನು ಈಗ ನಂಬಿದ್ದೇನೆ. ಈ ನಂಬಿಕೆ ನನಗೆ ಬಂದದ್ದು ಕಸೂತಿಯಿಂದ ಮತ್ತು ನಾನು ಪಾಠ ಹೇಳುವ ಗಣಿತದಿಂದ.

ಧಾರವಾಡದ ಕಡೆಯವರಿಗೆ ಕಸೂತಿಯನ್ನು ಪರಿಚಯಿಸಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಆ ವಿವರದ ಮೇಲೆಯೇ ನಿಂತಿದೆ. ಇಳಕಲ್ ಸೀರೆಯ ಮೇಲೆ, ಅದರಲ್ಲೂ ಮದುಮಗಳು ಉಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ, ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ, ತೊಟ್ಟಿಲು, ನವಿಲು ಮುಂತಾದ ಚಿತ್ತಾರಗಳನ್ನು ಸೂಜಿ ದಾರದಿಂದ ಮೂಡಿಸುವ ಕಲೆ ಇದು. ಬಟ್ಟೆಯ ಮೇಲೆ ಮೊದಲು ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವ ಪದ್ಧತಿ ಇದರಲ್ಲಿ ಇಲ್ಲ. ಹಾಸು ಮತ್ತು ಹೊಕ್ಕಿನ ಎಳೆಗಳನ್ನು ಎಣಿಸುತ್ತ, ಎಣಿಕೆಯ ಮೇಲೆಯೇ ಚಿತ್ತಾರ ಕಟ್ಟಬೇಕು. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಗಿ ಮತ್ತು ಮೆಂತಿ. ನೇಗಿ ನೇಯ್ದಂತೆ ಕಾಣುತ್ತದೆ, ಮೆಂತಿ ಅಡ್ಡಡ್ಡ ದಾಟುವ ಹೊಲಿಗೆ. ನನ್ನ ಮನಸ್ಸನ್ನು ಹಿಡಿದಿಟ್ಟದ್ದು ಗವಂತಿ ಮತ್ತು ಅದರಂತೆಯೇ ಮೆಟ್ಟಿಲು ಮೆಟ್ಟಿಲಾಗಿ ಸಾಗುವ ಮುರಗಿ.

ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲೆ, ಮುಂದಿನದು ಬಟ್ಟೆಯ ಕೆಳಗೆ ಬೀಳುತ್ತದೆ. ಹೀಗಾಗಿ ಮೊದಲ ಸುತ್ತಿನಲ್ಲಿ ಗೆರೆ ಅರ್ಧ ಮಾತ್ರ ಕಾಣುತ್ತದೆ, ನಡುನಡುವೆ ಖಾಲಿ ಜಾಗ ಉಳಿಯುತ್ತದೆ. ಹೊರಟ ದಾರಿಯಲ್ಲೇ ಸೂಜಿ ಹಿಂದಿರುಗುವಾಗ ಆ ಖಾಲಿ ಜಾಗಗಳೆಲ್ಲ ತುಂಬುತ್ತವೆ, ಗೆರೆ ಪೂರ್ಣವಾಗುತ್ತದೆ, ಬಟ್ಟೆ ತಿರುಗಿಸಿದರೆ ಹಿಂಬದಿಯಲ್ಲಿಯೂ ಅದೇ ಚಿತ್ತಾರ ಇರುತ್ತದೆ. ಎಲ್ಲಿಯೂ ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಗಳ ಅಡಿಯಲ್ಲಿಯೇ ಅಡಗಿಸಬೇಕು. ಒಂದೇ ಒಂದು ಎಳೆ ಲೆಕ್ಕ ತಪ್ಪಿದರೂ ಹಿಂದಿರುಗುವ ಸೂಜಿ ತನ್ನ ರಂಧ್ರವನ್ನು ಸೇರುವುದಿಲ್ಲ, ಆಗ ಬಿಚ್ಚದೆ ಬೇರೆ ದಾರಿಯೇ ಇರುವುದಿಲ್ಲ. ನಮ್ಮ ಓಣಿಯಲ್ಲಿ ನನಗೆ ಕಸೂತಿ ಕಲಿಸಿದ ಅಜ್ಜಿ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. "ಹಿಂದ ತಿರುವಿ ತೋರ್ಸವಾ," ಎನ್ನುತ್ತಿದ್ದರು. ಹಿಂಭಾಗ ಸರಿಯಿದ್ದರೆ ಸುಮ್ಮನೆ ಬಟ್ಟೆಯನ್ನು ಮರಳಿ ಕೊಡುತ್ತಿದ್ದರು. ಅದೇ ಅವರ ಶಹಬಾಸ್‌ಗಿರಿ.

ಹಾಗೆ ಕಲಿತದ್ದು ಬಹಳ ವರ್ಷ ನನ್ನ ಜೊತೆಗಿತ್ತು. ಆಮೇಲೆ ಅಂಗಡಿಯೊಂದಕ್ಕೆ ಹೊಲಿದು ಕೊಡತೊಡಗಿದೆ. ಯಾವ ಚಿತ್ತಾರ, ಯಾವ ಬಣ್ಣ, ಯಾವ ತಾರೀಕಿನೊಳಗೆ ಎಂಬುದೆಲ್ಲ ಅವರದೇ ತೀರ್ಮಾನ. ಒಂದೇ ಗೋಪುರವನ್ನು ಸೆರಗಿನಿಂದ ಸೆರಗಿಗೆ ಹೊಲಿಯುತ್ತ ಹೋದಾಗ ಕೈ ಪಳಗಿತು, ಮನಸ್ಸು ಮಾತ್ರ ಅಲ್ಲಿಂದ ಎದ್ದು ಹೋಯಿತು. ಕೊನೆಗೊಂದು ದಿನ ಆ ಕೆಲಸವನ್ನು ಬಿಟ್ಟಾಗ ಬೇಸರವೂ ಆಗಲಿಲ್ಲ. ಅದೇ ಕಾಲಕ್ಕೆ ಶಾಲೆಯಲ್ಲಿಯೂ ಅಂಥದೇ ಸ್ಥಿತಿ. ಹತ್ತನೆಯ ತರಗತಿಗೆ ಗಣಿತ ಹೇಳುವವರೆಲ್ಲರಿಗೂ ಇದು ಗೊತ್ತು. ಪ್ರಶ್ನೆಪತ್ರಿಕೆಯ ನೀಲನಕ್ಷೆ, ಯಾವ ಪ್ರಮೇಯಕ್ಕೆ ಎಷ್ಟು ಅಂಕ, ಯಾವ ರಚನೆಯನ್ನು ಕಲಿತರೆ ಹಿಂದುಳಿದ ಮಗು ಪಾಸಾಗುತ್ತದೆ ಎಂಬ ಲೆಕ್ಕಾಚಾರದಲ್ಲಿಯೇ ವರ್ಷ ಕಳೆಯುತ್ತದೆ. ಮಕ್ಕಳು ಪಾಸಾಗಬೇಕು, ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಥೇಲ್ಸನ ಪ್ರಮೇಯವನ್ನು ಕಪ್ಪು ಹಲಗೆಯ ಮೇಲೆ ಬರೆಯುವಾಗ ನನ್ನ ಕೈ ಬರೆಯುತ್ತಿತ್ತು, ನಾನು ಅಲ್ಲಿ ಇರುತ್ತಿರಲಿಲ್ಲ.

ದುಡ್ಡು ಬಂದರೆ ಕಲೆಯ ಮೇಲಿನ ಪ್ರೀತಿ ಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ಕಸೂತಿಯಿಂದಲೇ ಮನೆ ನಡೆಸುವ ಹೆಣ್ಣುಮಕ್ಕಳನ್ನು ಹತ್ತಿರದಿಂದ ಕಂಡ ನನಗೆ ಈ ಮಾತು ಒಪ್ಪಿಗೆಯಿಲ್ಲ. ಅವರಿಗೆ ಸಿಗುವ ಕೂಲಿ ಅವರ ದುಡಿಮೆಗೆ ಕಡಿಮೆಯೇ ಹೊರತು ಹೆಚ್ಚಲ್ಲ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಶಿಶುವಿಹಾರವೊಂದರಲ್ಲಿ ನಡೆಸಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮುಂಚೆಯೇ ಹೇಳಿದರು. ಎರಡನೆಯ ಗುಂಪಿಗೆ ಏನೂ ಹೇಳದೆ, ಬರೆದು ಮುಗಿದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಕೊಡಲಿಲ್ಲ. ಕೆಲ ದಿನಗಳ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮಕ್ಕಳ ಮುಂದೆ ಇಟ್ಟಾಗ, ಮೊದಲ ಗುಂಪಿನ ಮಕ್ಕಳು ಉಳಿದವರಿಗಿಂತ ಬಹಳ ಕಡಿಮೆ ಹೊತ್ತು ಚಿತ್ರ ಬರೆದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಹಾಗೆ ಕುಗ್ಗಲಿಲ್ಲ. ಬಹುಮಾನವೇ ಆಸಕ್ತಿಯನ್ನು ಕೆಡಿಸುವುದಾಗಿದ್ದರೆ ಎರಡು ಗುಂಪುಗಳೂ ಒಂದೇ ರೀತಿ ನಡೆದುಕೊಳ್ಳಬೇಕಿತ್ತು. ನಾನು ಇದನ್ನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಯಾವುದಕ್ಕಾಗಿ ಮಾಡುತ್ತಿದ್ದೇವೆ ಎಂಬುದನ್ನು ಬೇರೆಯವರು ಮೊದಲೇ ನಿಶ್ಚಯಿಸಿ ಕೊಟ್ಟಾಗ, ಆ ಕೆಲಸದ ಒಳಗೆ ನಾವೇ ಹುಡುಕಿಕೊಳ್ಳಬೇಕಾದದ್ದು ಏನೂ ಉಳಿಯುವುದಿಲ್ಲ. ನನ್ನ ಕಸೂತಿಗೂ ಪಾಠಕ್ಕೂ ಆದದ್ದು ಅದೇ.

ಆಸಕ್ತಿ ಬತ್ತಿದವರಿಗೆ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಪ್ರವಾಸ ಹೋಗಿ ಬಾ, ಸ್ಫೂರ್ತಿಯ ಭಾಷಣ ಕೇಳು, ಹೊಸ ಬಣ್ಣದ ದಾರ ತಂದುಕೋ, ಹೀಗೆ. ಪ್ರವಾಸದಿಂದ ದಣಿವು ಹೋಗುತ್ತದೆ, ಅದು ನಿಜ. ಆದರೆ ಬೇಸರದ ಮೂಲ ದಣಿವಲ್ಲದಿದ್ದಾಗ, ಮರಳಿ ಬಂದ ಸೋಮವಾರವೇ ಎಲ್ಲವೂ ಮೊದಲಿನಂತೆ ಇರುತ್ತದೆ. ಭಾಷಣಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ನನಗೆ ದಾರಿ ತೆರೆದದ್ದು ಒಂಬತ್ತನೆಯ ತರಗತಿಯ ಒಂದು ಶನಿವಾರದ ಬೆಳಗಿನ ಶಾಲೆ. ಪಾಠದ ನಡುವೆ ಸ್ವಲ್ಪ ಸಮಯ ಉಳಿದಿತ್ತು; ಮಕ್ಕಳಿಗೆ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಕತೆ ಹೇಳಿದೆ. ಇಂದು ರಷ್ಯಾದಲ್ಲಿ ಕಲಿನಿನ್‌ಗ್ರಾಡ್ ಎಂದು ಕರೆಯಲಾಗುವ ಆ ಊರಿನಲ್ಲಿ ನದಿ ಹರಿದು ನೆಲವನ್ನು ನಾಲ್ಕು ಭಾಗ ಮಾಡಿತ್ತು, ಏಳು ಸೇತುವೆಗಳು ಅವನ್ನು ಕೂಡಿಸಿದ್ದವು. ಪ್ರತಿಯೊಂದು ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರೆಲ್ಲ ಸುತ್ತಿ ಬರಲು ಸಾಧ್ಯವೇ ಎಂಬುದು ಪ್ರಶ್ನೆ. ಸಾಧ್ಯವಿಲ್ಲ ಎಂದು ಗಣಿತಜ್ಞ ಆಯ್ಲರ್ 1736ರ ತನ್ನ ಲೇಖನದಲ್ಲಿ ತೋರಿಸಿದ. ಹೊರಟಲ್ಲಿಗೇ ಮರಳಬೇಕಾದರೆ ಪ್ರತಿಯೊಂದು ನೆಲಭಾಗಕ್ಕೂ ಸಮಸಂಖ್ಯೆಯ ಸೇತುವೆಗಳು ಕೂಡಬೇಕು, ಅಲ್ಲಿ ನಾಲ್ಕೂ ಕಡೆ ಬೆಸಸಂಖ್ಯೆಯೇ ಇತ್ತು. ಕತೆ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಅಕ್ಕೋರೆ, ಒಂದೊಂದು ಸೇತುವಿ ಎರಡೆರಡು ಸಲ ದಾಟಬಹುದು ಅಂದ್ರ?" ಎಂದು ಕೇಳಿದಳು.

ಎರಡೆರಡು ಸಲ ದಾಟಬಹುದಾದರೆ ಸೇತುವೆಗಳ ಲೆಕ್ಕ ಎಲ್ಲ ಕಡೆಯೂ ಸಮವಾಗುತ್ತದೆ, ಆಗ ಖಂಡಿತ ಸುತ್ತಿ ಬರಬಹುದು ಎಂದು ಉತ್ತರಿಸುತ್ತಿದ್ದಂತೆಯೇ ನನಗೆ ಗವಂತಿ ಕಣ್ಣ ಮುಂದೆ ಬಂತು. ಗವಂತಿಯಲ್ಲಿ ಪ್ರತಿಯೊಂದು ಗೆರೆಯನ್ನೂ ಸೂಜಿ ಎರಡು ಸಲ ನಡೆಯುತ್ತದೆ, ಆದ್ದರಿಂದಲೇ ಗಂಟಿಲ್ಲದೆ ಹೊರಟಲ್ಲಿಗೆ ಮರಳುತ್ತದೆ! ಅಷ್ಟು ವರ್ಷ ಹೊಲಿದಿದ್ದೆ, ಅಷ್ಟು ವರ್ಷ ಗಣಿತ ಹೇಳಿದ್ದೆ. ಎರಡೂ ಒಂದೇ ಮಾತನ್ನು ಆಡುತ್ತಿವೆ ಎಂಬುದು ಆ ಮಗು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದಿತು, ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಎರಡು ಸಲ ನಡೆದರಷ್ಟೇ ಸಾಲದು. ಒಂದು ಸಲ ಬಟ್ಟೆಯ ಮೇಲೆ, ಇನ್ನೊಂದು ಸಲ ಬಟ್ಟೆಯ ಕೆಳಗೆ ನಡೆಯಬೇಕು. ಎರಡು ಸಲವೂ ಮೇಲೆಯೇ ಬಿದ್ದರೆ ಹಿಂಭಾಗ ಖಾಲಿ ಉಳಿಯುತ್ತದೆ. ಹಾಗಾಗದೆ ಎಲ್ಲ ಚಿತ್ತಾರಗಳೂ ಸರಿಹೊಂದುವುದು ಹೇಗೆ?

ಆ ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ಕುಳಿತೆ. ಒಲೆಯ ಮೇಲೆ ಕುಕ್ಕರ್ ಕೂಗುತ್ತಿತ್ತು, ನಾನು ಸೂಜಿ ಬಟ್ಟೆಯನ್ನು ದಾಟುವ ಜಾಗಗಳನ್ನು ಚುಕ್ಕೆಗಳಾಗಿ ಗುರುತಿಸಿ ಅವುಗಳಿಗೆ ಬಣ್ಣ ಹಚ್ಚುತ್ತಿದ್ದೆ. ಅಡ್ಡ ಮತ್ತು ನೆಟ್ಟನೆಯ ಗೆರೆಗಳಷ್ಟೇ ಇರುವ ಚಿತ್ತಾರವಾದರೆ, ಚುಕ್ಕೆಗಳಿಗೆ ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದಕ್ಕೆ ಕೆಂಪು, ಹಸಿರು ಬಣ್ಣ ಕೊಡಬಹುದು. ಆಗ ಯಾವ ಗೆರೆಯ ಒಂದು ತುದಿ ಕೆಂಪೋ ಅದರ ಇನ್ನೊಂದು ತುದಿ ಹಸಿರೇ ಆಗಿರುತ್ತದೆ. ಕೆಂಪು ಚುಕ್ಕೆಯಿಂದ ಮೇಲ್ಭಾಗದ ಹೊಲಿಗೆಯಾಗಿ ಹೊರಟರೆ ಹಸಿರಿಗೆ ಬರುತ್ತೇವೆ, ಅಲ್ಲಿಂದ ಕೆಳಭಾಗದ ಹೊಲಿಗೆ, ಮತ್ತೆ ಕೆಂಪು. ಹೀಗೆ ಕೆಂಪಿನಿಂದ ಹೊರಡುವುದೆಲ್ಲ ಮೇಲೆ, ಹಸಿರಿನಿಂದ ಹೊರಡುವುದೆಲ್ಲ ಕೆಳಗೆ. ಒಂದು ಗೆರೆಯನ್ನು ಹೋಗುವಾಗ ಕೆಂಪಿನಿಂದ ನಡೆದಿದ್ದರೆ, ಬರುವಾಗ ಹಸಿರಿನಿಂದಲೇ ನಡೆಯುತ್ತೇವೆ. ಅಂದ ಮೇಲೆ ಪ್ರತಿಯೊಂದು ಗೆರೆಯನ್ನೂ ಒಮ್ಮೆ ಹೋಗುತ್ತ, ಒಮ್ಮೆ ಬರುತ್ತ ನಡೆದರೆ ಸಾಕು, ಮೇಲೂ ಕೆಳಗೂ ತಾವಾಗಿಯೇ ತುಂಬುತ್ತವೆ. ಹಿಂದೆ ತಿರುವಿ ತೋರಿಸು ಎನ್ನುತ್ತಿದ್ದ ಅಜ್ಜಿಗೆ ಕೈಬೆರಳುಗಳಲ್ಲಿ ಗೊತ್ತಿದ್ದ ನಿಯಮ ಇದು. ಹಾಳೆಯ ಮೇಲೆ ಅದು ಕೂಡಿ ಬಂದಾಗ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಊಟವಾದ ಮೇಲೆ ಪೆಟ್ಟಿಗೆ ತೆಗೆದು, ಒಂದು ತುಂಡು ಮ್ಯಾಟಿ ಬಟ್ಟೆಯ ಮೇಲೆ ತುಳಸಿಕಟ್ಟೆಯನ್ನು ಹೊಲಿಯಲು ಕುಳಿತೆ. ಯಾರೂ ಕೇಳಿರಲಿಲ್ಲ, ಯಾವ ತಾರೀಕಿಗೂ ಕೊಡಬೇಕಾಗಿರಲಿಲ್ಲ.

ಗಣಿತ ಶಿಕ್ಷಕರಾದ ನಮಗೆ ಈ ವಿಷಯದಲ್ಲಿ ಕಾಪ್ರೇಕರ್ ಅವರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ನಾಸಿಕದ ಬಳಿಯ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಶಿಕ್ಷಕರಾಗಿದ್ದರು. ಸಂಖ್ಯೆಗಳೊಡನೆ ಆಡುವುದೇ ಅವರಿಗೆ ಬದುಕಾಗಿತ್ತು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಏರಿಕೆ ಕ್ರಮದ ಸಂಖ್ಯೆಯನ್ನು ಅದರಿಂದ ಕಳೆಯಿರಿ; ಬಂದ ಉತ್ತರಕ್ಕೆ ಮತ್ತೆ ಹಾಗೆಯೇ ಮಾಡಿರಿ. 3524 ತೆಗೆದುಕೊಂಡರೆ, 5432ರಲ್ಲಿ 2345 ಕಳೆದು 3087, ಅನಂತರ 8730ರಲ್ಲಿ 0378 ಕಳೆದು 8352, ಮತ್ತೆ 8532ರಲ್ಲಿ 2358 ಕಳೆದು 6174. ಎಲ್ಲಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೇ ಬಂದು ನಿಲ್ಲುತ್ತೇವೆ. ಅವರು ಇದನ್ನು 1949ರಲ್ಲಿ ತಿಳಿಸಿದರು. 1975ರಲ್ಲಿ ಅಮೆರಿಕದ ಗಣಿತ ಲೇಖಕ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಅವರ ಹೆಸರು ಹೊರಜಗತ್ತಿನಲ್ಲಿ ಹರಡಿತು. ಆಗ ಅವರು ನಿವೃತ್ತರಾಗಿ ವರ್ಷಗಳೇ ಕಳೆದಿದ್ದವು. ಅಂದರೆ ಅವರ ಉತ್ಸಾಹ ಹೊರಗಿನ ಮನ್ನಣೆಗಾಗಿ ಕಾಯುತ್ತ ಕುಳಿತಿರಲಿಲ್ಲ. ನಮ್ಮ ಹಾಗೆಯೇ ಗಂಟೆ ಬಾರಿಸಿದಾಗ ತರಗತಿಗೆ ಹೋಗಿ, ಉತ್ತರಪತ್ರಿಕೆ ತಿದ್ದಿ, ಹಾಜರಿ ಬರೆದ ಮನುಷ್ಯ ಅವರು. ನೌಕರಿಯ ಆಚೆ ಎಲ್ಲೋ ಬೇರೆ ಬದುಕು ಇದ್ದಿದ್ದರೆ ನಾನೂ ಏನಾದರೂ ಮಾಡುತ್ತಿದ್ದೆ ಎಂದು ನಾವು ಆಡುವ ಮಾತು ಅವರ ಮುಂದೆ ಬಲ ಕಳೆದುಕೊಳ್ಳುತ್ತದೆ.

ಧಾರವಾಡದಲ್ಲಿದ್ದುಕೊಂಡು ಮಲ್ಲಿಕಾರ್ಜುನ ಮನ್ಸೂರರನ್ನು ನೆನೆಯದೆ ಇರಲು ಆಗುವುದಿಲ್ಲ. 1910ರಲ್ಲಿ ಪಕ್ಕದ ಮನ್ಸೂರಿನಲ್ಲಿ ಹುಟ್ಟಿ, ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, ಧ್ವನಿಮುದ್ರಿಕೆಗಳ ಮೂಲಕ ಹೆಸರು ಮಾಡಿದ್ದ ಗಾಯಕ ಅವರು. ಅಷ್ಟಾದ ಮೇಲೆ ಅವರು ಜೈಪುರ-ಅತ್ರೌಳಿ ಘರಾಣೆಯ ಮಂಜಿ ಖಾನರ ಬಳಿ ಶಿಷ್ಯರಾಗಿ ಕುಳಿತರು; 1937ರಲ್ಲಿ ಆ ಗುರು ತೀರಿಕೊಂಡಾಗ ಅವರ ತಮ್ಮ ಭೂರ್ಜಿ ಖಾನರ ಬಳಿ ಕಲಿಕೆಯನ್ನು ಮುಂದುವರಿಸಿದರು. ಹೆಸರಿದ್ದ ಗಾಯಕ ಮತ್ತೆ ವಿದ್ಯಾರ್ಥಿಯಾಗುವುದೆಂದರೆ ತನಗೆ ಬರುತ್ತದೆ ಎಂಬ ಸುಖವನ್ನು ಬಿಟ್ಟುಕೊಡುವುದು. ನಲವತ್ತು ದಾಟಿದ ನಮಗೆ ಎಲ್ಲಕ್ಕಿಂತ ಕಷ್ಟವಾಗುವುದು ಅದೇ ಎಂದು ನನಗನ್ನಿಸುತ್ತದೆ. ಚೆನ್ನಾಗಿ ಬಾರದ ಕೆಲಸವನ್ನು ನಾಲ್ಕು ಜನರ ಎದುರು ಮಾಡಲು ನಾವು ನಾಚುತ್ತೇವೆ, ಚೆನ್ನಾಗಿ ಬರುವ ಕೆಲಸ ನಮ್ಮನ್ನು ಹಿಡಿದಿಡುವುದಿಲ್ಲ, ಎರಡರ ನಡುವೆ ಅಟ್ಟದ ಮೇಲಿನ ಪೆಟ್ಟಿಗೆಗೆ ಧೂಳು ಕೂರುತ್ತದೆ.

ಕಸೂತಿಗೆ ಮರಳಿದ್ದರಿಂದ ಉಳಿದ ದಿನಚರಿಯಲ್ಲಿ ಆದ ಬದಲಾವಣೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಎಳೆ ಎಣಿಸಿ ಪಳಗಿದ ಕಣ್ಣು ಬೇರೆ ಕಡೆಯೂ ಎಣಿಸತೊಡಗುತ್ತದೆ. ಶಾಲೆಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಅಮ್ಮನ ಇಳಕಲ್ ಸೀರೆಯ ಟೋಪ್‌ತೆನಿ ಸೆರಗನ್ನು ದಿನವೂ ನೋಡಿದ್ದೆ. ಕೆಂಪಿನ ಮೇಲೆ ಬಿಳಿಯ ಹಲ್ಲುಗಳಂತೆ ಏರಿ ಇಳಿಯುವ ಆ ನೇಯ್ಗೆಯ ಲಯವನ್ನು ಈಗ ನಿಜವಾಗಿ ಕಾಣುತ್ತೇನೆ. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೊಂಡಿ ಹಾಕಿ ಕೂಡಿಸುವ ಆ ನೇಕಾರರ ಉಪಾಯವನ್ನು ಮಕ್ಕಳಿಗೆ ಹೇಳಬೇಕೆಂದು, ಅದನ್ನು ಬಲ್ಲವರನ್ನು ಹುಡುಕಿ ಮಾತನಾಡಿಸಿದೆ. ಬಾಗಿಲ ಮುಂದಿನ ಚುಕ್ಕಿ ರಂಗೋಲಿಯನ್ನು ಹಬ್ಬದ ದಿನ ಗಡಿಬಿಡಿಯಿಂದ ಹಾಕಿ ಏಳುತ್ತಿದ್ದವಳು, ಈಗ ಒಂದೇ ಗೆರೆಯಲ್ಲಿ ಸುತ್ತಿ ಬರುವ ರಂಗೋಲಿಗೆ ಎಷ್ಟು ಚುಕ್ಕಿ ಬೇಕು ಎಂದು ಮಗಳೊಡನೆ ವಾದ ಮಾಡುತ್ತೇನೆ. ಕೆಲಸ ಕಡಿಮೆಯಾಗಿಲ್ಲ, ತಾಸುಗಳು ಹೆಚ್ಚಾಗಿಲ್ಲ. ಥೇಲ್ಸನ ಪ್ರಮೇಯವನ್ನು ಈಗಲೂ ನೀಲನಕ್ಷೆಯ ಪ್ರಕಾರವೇ ಕಲಿಸುತ್ತೇನೆ, ಆದರೆ ಕಪ್ಪು ಹಲಗೆಯ ಮುಂದೆ ನಾನು ಇರುತ್ತೇನೆ.

ತಮ್ಮ ಹಳೆಯ ಆಸಕ್ತಿಯನ್ನು ಮತ್ತೆ ಹುಡುಕುತ್ತಿರುವ ಗೆಳತಿಯರಿಗೆ ನಾನು ಹೇಳುವುದು ಇಷ್ಟೇ. ಮೊದಲಿನ ಹುರುಪು ಮೊದಲು ಬರಲಿ, ಆಮೇಲೆ ಕುಳಿತುಕೊಳ್ಳೋಣ ಎಂದು ಕಾಯಬೇಡಿ. ಕೈ ಕೆಲಸಕ್ಕೆ ಇಳಿದ ಮೇಲೆಯೇ ಅದು ಬರುವುದು. ಸೀರೆಯಷ್ಟು ದೊಡ್ಡದನ್ನು ಹಿಡಿಯಬೇಡಿ, ಅಂಗೈಯಗಲದ ಬಟ್ಟೆ ಸಾಕು. ಹಾರ್ಮೋನಿಯಂ ಕೆಳಗಿಳಿಸಿದವಳು ಹಳೆಯ ಭಜನೆಯನ್ನೇ ಮತ್ತೆ ನುಡಿಸುವುದರ ಬದಲು, ಅಂದು ಕಷ್ಟವೆಂದು ಬಿಟ್ಟುಬಿಟ್ಟಿದ್ದ ಒಂದು ತಾನಿನಿಂದ ಶುರು ಮಾಡಲಿ. ಮಾಡಿದ್ದನ್ನು ಕೂಡಲೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ ಎಂದೂ ನಾನು ಒತ್ತಿ ಹೇಳುತ್ತೇನೆ. ಮೆಚ್ಚುಗೆಯ ಹೆಬ್ಬೆರಳುಗಳು ಬರಲು ಶುರುವಾದರೆ ನಾಳೆಯ ಕೆಲಸ ಅವುಗಳಿಗಾಗಿ ನಡೆಯುತ್ತದೆ, ಮತ್ತೆ ಅಂಗಡಿಯ ಗೋಪುರವೇ. ಒಂದಿಷ್ಟು ದಿನ ಹಿಂಭಾಗವನ್ನು ನೋಡಿ ಹೇಳಬಲ್ಲ ಒಬ್ಬರಿಗೆ ಮಾತ್ರ ತೋರಿಸಿ.

ನಮ್ಮ ಶನಿವಾರದ ಪ್ರಶ್ನೆ ಇನ್ನೂ ಮುಗಿದಿಲ್ಲ. ಗವಂತಿಯಲ್ಲಿ ಓರೆ ಗೆರೆಗಳೂ ಇರುತ್ತವೆ. ಒಂದು ಅಡ್ಡ ಗೆರೆ, ಒಂದು ನೆಟ್ಟನೆಯ ಗೆರೆ, ಒಂದು ಓರೆ ಗೆರೆ ಕೂಡಿ ತ್ರಿಕೋನವಾದಾಗ ನನ್ನ ಕೆಂಪು ಹಸಿರಿನ ಉಪಾಯ ನಡೆಯುವುದಿಲ್ಲ, ಏಕೆಂದರೆ ಒಂದಕ್ಕೊಂದು ಕೂಡಿದ ಮೂರು ಚುಕ್ಕೆಗಳಿಗೆ ಎರಡು ಬಣ್ಣ ಸಾಲವು. ಇದನ್ನು ತರಗತಿಯ ಮುಂದಿಟ್ಟಾಗ ಮಕ್ಕಳೇ ದಾರಿ ಕಂಡುಹಿಡಿದರು: ತ್ರಿಕೋನವನ್ನು ಹೋದ ದಾರಿಯಲ್ಲಿ ಹಿಂದಿರುಗದೆ, ಒಂದೇ ದಿಕ್ಕಿನಲ್ಲಿ ಎರಡು ಸುತ್ತು ಹಾಕಿದರೆ ಪ್ರತಿ ಬದಿಯೂ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತದೆ. ಮುಂದಿನ ವಾರ ಒಂದು ಬದಿಯನ್ನು ಹಂಚಿಕೊಂಡ ಎರಡು ತ್ರಿಕೋನಗಳನ್ನು ಕೊಟ್ಟೆ. ಸೇತುವೆಯ ಪ್ರಶ್ನೆ ಕೇಳಿದ್ದ ಅದೇ ಹುಡುಗಿ ಹಲಗೆಗೆ ಬಂದು, ಮೇಲೆ ಐದು, ಕೆಳಗೆ ಐದು, ಹೀಗೆ ಹತ್ತು ಹೊಲಿಗೆಗಳ ದಾರಿಯನ್ನು ಬರೆದು ತೋರಿಸಿದಳು. ಈಗ ತರಗತಿಯವರೆಲ್ಲ ಸೇರಿ ಕಳಸವಿರುವ ಒಂದು ಪೂರ್ಣ ತೇರನ್ನು ಗ್ರಾಫ್ ಹಾಳೆಯ ಮೇಲೆ ಇಳಿಸುತ್ತಿದ್ದಾರೆ. ದಾರಿ ಸಿಕ್ಕ ಮೇಲೆ ಅದನ್ನು ಬಟ್ಟೆಯ ಮೇಲೆ ಹೊಲಿಯುವವರು ಯಾರು ಎಂಬ ಬಗ್ಗೆ ಹುಡುಗರಿಗೂ ಹುಡುಗಿಯರಿಗೂ ಪೈಪೋಟಿ ನಡೆದಿದೆ.